ಕಪಾಟಿಲ್ಲದ ಕಡತ

1925ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹೊರಟ ಹಡಗೊಂದರಲ್ಲಿ ಪ್ರಯಾಣಿಕರೊಬ್ಬರು ಯಾರೂ ಹೇಳದ ಕೆಲಸವೊಂದನ್ನು ಮೈಮೇಲೆ ಹಾಕಿಕೊಂಡಿದ್ದರು. ಹಡಗಿನ ಲೈಬ್ರರಿಯ ಪುಸ್ತಕಗಳನ್ನು ತಾವೇ ಹೊಸೆಯುತ್ತಿದ್ದ ಹೊಸ ಲೆಕ್ಕದ ಪ್ರಕಾರ ಮರುಜೋಡಿಸುವ ಕೆಲಸ. ಅವರು ಎಸ್. ಆರ್. ರಂಗನಾಥನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನದಲ್ಲಿ ಬೇಸರ ಹತ್ತಿ, ವಾಪಸ್ ಪಾಠಕ್ಕೇ ಹೋಗುತ್ತೇನೆ ಎಂದು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬರುವುದು, ಆಮೇಲೆ ಉಳಿದ ಮಾತು ಎಂದಾಯಿತು. ಹೋದವರು ಅಲ್ಲಿ ಒಂದು ಆಟಿಕೆ ಅಂಗಡಿಯ ಮುಂದೆ ನಿಂತರು.

ಅಂಗಡಿಯಲ್ಲಿ ಕಂಡದ್ದು ಮೆಕ್ಯಾನೋ. ತೂತು ಕೊರೆದ ಲೋಹದ ಪಟ್ಟಿ, ಚಕ್ರ, ನಟ್ಟು, ಬೋಲ್ಟು. ಅವೇ ಬಿಡಿಭಾಗಗಳಿಂದ ಇವತ್ತು ಕ್ರೇನ್ ಕಟ್ಟಬಹುದು, ನಾಳೆ ಅದನ್ನೇ ಬಿಚ್ಚಿ ಸೇತುವೆ ಕಟ್ಟಬಹುದು. ಪುಸ್ತಕದ ವಿಷಯವೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಿದ್ದಲ್ಲವೇ ಎಂದು ಗಣಿತದ ಮೇಷ್ಟ್ರ ತಲೆಗೆ ಹೊಳೆಯಿತು. ಆ ಹೊಳಹು 1933ರಲ್ಲಿ 'ಕೋಲನ್ ಕ್ಲಾಸಿಫಿಕೇಷನ್' ಎಂಬ ಪುಸ್ತಕವಾಗಿ ಬಂತು. ಕನ್ನಡದ ಗ್ರಂಥಾಲಯ ವಿಜ್ಞಾನದ ಪಠ್ಯಗಳಲ್ಲಿ ಅದು ದ್ವಿಬಿಂದು ವರ್ಗೀಕರಣ. ವಿಷಯದ ಒಂದು ಭಾಗವನ್ನೂ ಇನ್ನೊಂದನ್ನೂ ಬೆಸೆಯಲು ಎರಡು ಚುಕ್ಕೆ, ಅಂದರೆ ಕೋಲನ್ ಚಿಹ್ನೆ, ಬಳಸಿದ್ದರಿಂದ ಆ ಹೆಸರು.

ನೂರು ವರ್ಷದ ಹಿಂದಿನ ಈ ಕಥೆಯನ್ನು ಈಗ ತೆಗೆಯಲು ಕಾರಣ, ಜುಲೈ ತಿಂಗಳ ಕೊನೆಯ ವಾರ. ಆದಾಯ ತೆರಿಗೆ ರಿಟರ್ನ್ಸ್ ತುಂಬುವ ಗಡುವು ಹತ್ತಿರ ಬಂದಾಗ ಮನೆಮನೆಯಲ್ಲೂ ಒಂದೇ ದೃಶ್ಯ: ವಿಮೆಯ ರಸೀದಿ ಎಲ್ಲಿ? ಮೇಲ್‌ಗೆ ಬಂದಿತ್ತು, ಖಂಡಿತ ಬಂದಿತ್ತು. ಫಾರ್ಮ್ 16 ಅನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೋ ಮೇಲ್‌ನಲ್ಲೋ? ಮನೆ ಸಾಲದ ಬಡ್ಡಿಯ ಪ್ರಮಾಣಪತ್ರ 'ಇಂಪಾರ್ಟೆಂಟ್' ಫೋಲ್ಡರ್‌ನಲ್ಲಿದೆಯೋ, 'ಬ್ಯಾಂಕ್' ಫೋಲ್ಡರ್‌ನಲ್ಲಿದೆಯೋ, 'ನ್ಯೂ ಫೋಲ್ಡರ್ 3'ರಲ್ಲಿದೆಯೋ? ಪತ್ರ ಕಳೆದಿಲ್ಲ. ಇಟ್ಟ ಜಾಗ ಮರೆತಿದೆ, ಅಷ್ಟೆ. ಸಾಸಿವೆ ಡಬ್ಬಿಯಲ್ಲಿ ದುಡ್ಡಿಟ್ಟು ಯಾವ ಡಬ್ಬಿ ಎಂದು ಮರೆತ ಹಾಗೆ.

ಹೀಗೆ ಮರೆಯುವುದು ಸೋಮಾರಿಗಳ ರೋಗವೆಂದು ಅನೇಕರು ತಿಳಿಯುತ್ತಾರೆ. ಶಿಸ್ತಾಗಿ ಫೋಲ್ಡರ್ ಮಾಡಿ, ಬಂದ ಪತ್ರವನ್ನು ಬಂದ ಕೂಡಲೇ ಅಲ್ಲಲ್ಲಿ ಇಡುವವರು ಗೆಲ್ಲುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಇದನ್ನು ಅಳೆದು ನೋಡಿದವರು ಐಬಿಎಂ ಸಂಶೋಧಕರು. ಸ್ಟೀವ್ ವಿಟ್ಟೇಕರ್ ಮತ್ತು ಜೊತೆಗಾರರು 345 ಮಂದಿ ತಮ್ಮ ಹಳೆಯ ಮೇಲ್‌ಗಳನ್ನು ಮತ್ತೆ ಹೇಗೆ ಹುಡುಕುತ್ತಾರೆ ಎಂಬುದನ್ನು ದಾಖಲಿಸಿದರು. ಒಟ್ಟು 85,000ಕ್ಕೂ ಹೆಚ್ಚು ಹುಡುಕಾಟಗಳು. 2011ರಲ್ಲಿ ಪ್ರಕಟವಾದ ಫಲಿತಾಂಶ ಶಿಸ್ತಿನವರಿಗೆ ಕಹಿಯಾಗಿತ್ತು. ಸರ್ಚ್ ಮಾಡಿದವರಿಗೆ ಸರಾಸರಿ ಸುಮಾರು 17 ಸೆಕೆಂಡು ಸಾಕಾಯಿತು. ಫೋಲ್ಡರ್ ತೆರೆದು ಹೋದವರಿಗೆ ಹೆಚ್ಚುಕಡಿಮೆ ಒಂದು ನಿಮಿಷ. ಕಷ್ಟಪಟ್ಟು ಫೋಲ್ಡರ್ ಕಟ್ಟಿದವರಿಗೆ ಬೇಕಾದ ಪತ್ರ ಉಳಿದವರಿಗಿಂತ ಚೆನ್ನಾಗಿ ಸಿಕ್ಕಿತು ಎಂದೂ ಇಲ್ಲ.

ಯಾಕೆ ಹೀಗೆ? ಉತ್ತರ ರಂಗನಾಥನ್ ಹಡಗಿನಲ್ಲಿ ಎದುರಿಸಿದ ತೊಡಕಿನಲ್ಲೇ ಇದೆ.

ಪುಸ್ತಕ ಒಂದು ವಸ್ತು. ಒಂದು ಪ್ರತಿಯನ್ನು ಒಂದೇ ಕಪಾಟಿನ ಒಂದೇ ಸಾಲಿನಲ್ಲಿ ಇಡಲು ಸಾಧ್ಯ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು, ಅದನ್ನು ಮತ್ತೆ ಹತ್ತು ಮಾಡಿ ಸಂಖ್ಯೆ ಕೊಡುವುದು. ಇವತ್ತಿಗೂ ಹೆಚ್ಚಿನ ಲೈಬ್ರರಿಗಳಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸಿರುವುದು ಆತನ ಸಂಖ್ಯೆಯೇ. ಆದರೆ ಮನೆ ಕಟ್ಟಿದವನಿಗೆ ಯಾವ ಕೋಣೆ ದೊಡ್ಡದಾಗಿ ಬೇಕಿತ್ತೋ ಅದೇ ದೊಡ್ಡದಾಯಿತು. 200ರಿಂದ ಧರ್ಮದ ವಿಭಾಗ ಶುರು. ಅದರಲ್ಲಿ 220ರಿಂದ 289ರವರೆಗೆ ಬೈಬಲ್ಲಿಗೆ, ಕ್ರೈಸ್ತ ಧರ್ಮಕ್ಕೆ. ಜಗತ್ತಿನ ಉಳಿದ ಧರ್ಮಗಳೆಲ್ಲ 290ರ ಹತ್ತು ಅಂಕಿಯೊಳಗೆ ಮೈ ಮುದುಡಿ ಕೂರಬೇಕು. ಹಿಂದೂ ಧರ್ಮಕ್ಕೆ ಜಾಗ ಸಿಕ್ಕಿದ್ದು 294ರ ಆಚೆ, ದಶಮಾಂಶ ಚುಕ್ಕೆಯ ಹಿಂದೆ. ವರ್ಗೀಕರಣ ಮಾಡುವವರು ಯಾರು ಎಂಬುದು ವರ್ಗದ ಮೇಲೆ ಬರೆದೇ ಇರುತ್ತದೆ.

ರಂಗನಾಥನ್ ಕೇಳಿದ ಪ್ರಶ್ನೆ ಬೇರೆ. ಪುಸ್ತಕವನ್ನು ಎಲ್ಲಿ ಇಡಬೇಕು ಎನ್ನುವ ಮೊದಲು, ಅದು ಯಾವ ಯಾವ ಮುಖದಿಂದ ನೋಡಿಸಿಕೊಳ್ಳುತ್ತದೆ ಎಂದು ಅವರು ಕೇಳಿದರು. ಎಲ್ಲ ವಿಷಯಕ್ಕೂ ಐದು ಮೂಲ ಮುಖಗಳನ್ನು ಗುರುತಿಸಿದರು. ವಿಷಯದ ತಿರುಳಾದ ವ್ಯಕ್ತಿತ್ವ, ಅದರ ದ್ರವ್ಯ, ಅದರ ಮೇಲೆ ನಡೆಯುವ ಕ್ರಿಯೆ ಅಥವಾ ಶಕ್ತಿ, ದೇಶ, ಕಾಲ. ಮಲೆನಾಡಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. 'ತೀರ್ಥಹಳ್ಳಿಯಲ್ಲಿ ಈ ವರ್ಷದ ಮುಂಗಾರಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ' ಎಂಬ ಒಂದು ವರದಿ ಇದೆ ಎನ್ನಿ. ಅದನ್ನು ಅಡಿಕೆ ಕಡತಕ್ಕೆ ಹಾಕುವುದೋ, ರೋಗಗಳ ಕಡತಕ್ಕೋ, ಔಷಧಿ ಕಡತಕ್ಕೋ, ತೀರ್ಥಹಳ್ಳಿ ಕಡತಕ್ಕೋ, ವರ್ಷದ ಕಡತಕ್ಕೋ? ಗುಮಾಸ್ತರೊಬ್ಬರು ಒಂದು ಕಡತ ಆರಿಸುತ್ತಾರೆ, ಮುಂದಿನ ವರ್ಷ ಆ ಕುರ್ಚಿಗೆ ಬಂದವರು ಇನ್ನೊಂದರಲ್ಲಿ ಹುಡುಕುತ್ತಾರೆ. ರಂಗನಾಥನ್ ದಾರಿಯಲ್ಲಿ ಐದೂ ಸುಳಿವುಗಳು ವರದಿಯ ಸಂಖ್ಯೆಯೊಳಗೇ ಕೂತಿರುತ್ತವೆ.

ಅವರ ಪದ್ಧತಿಯನ್ನು ವಿವರಿಸಲು ಪಾಠ ಹೇಳುವವರು ಸಾಮಾನ್ಯವಾಗಿ ಕೊಡುವ ಉದಾಹರಣೆ, 1950ರಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯ ಬಗ್ಗೆ ನಡೆದ ಸಂಶೋಧನೆ. ಇದಕ್ಕೆ ಬೀಳುವ ಸಂಖ್ಯೆಯಲ್ಲಿ ಅಕ್ಷರ, ಅಂಕಿ, ಅಲ್ಪವಿರಾಮ, ಅರ್ಧವಿರಾಮ, ಕೋಲನ್, ಚುಕ್ಕೆ ಎಲ್ಲ ಬೆರೆತು, ನೋಡಿದವರಿಗೆ ತಲೆ ಸುತ್ತುತ್ತದೆ. ಇದೇ ಆ ಪದ್ಧತಿಗೆ ಮುಳುವಾಯಿತು ಎನ್ನಬೇಕು. ಭಾರತದಲ್ಲೇ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯನ್ನು ಬಿಡಲಿಲ್ಲ. ಪುಸ್ತಕವನ್ನು ಕಪಾಟಿಗೆ ಇಡಬೇಕಾದ ಅಟೆಂಡರ್‌ಗೆ ಆ ಸಂಖ್ಯೆ ಓದುವುದೇ ಪರೀಕ್ಷೆ. ವಿಚಾರ ಕಾಲಕ್ಕಿಂತ ಮುಂದಿತ್ತು. ಅದಕ್ಕೆ ತಕ್ಕ ಯಂತ್ರ ಇನ್ನೂ ಬಂದಿರಲಿಲ್ಲ.

ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಡಿಆರ್‌ಟಿಸಿ ಎಂದೇ ಹೆಸರಾದ ಅದು ಈಗಲೂ ಮೈಸೂರು ರಸ್ತೆಯ ಕ್ಯಾಂಪಸ್ಸಿನಲ್ಲಿದೆ. 1972ರ ಸೆಪ್ಟೆಂಬರ್ 27ರಂದು ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಅದಕ್ಕೆ ಹಿಂದಿನ ವರ್ಷವಷ್ಟೇ, 1971ರಲ್ಲಿ, ಅಮೆರಿಕದಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಪತ್ರ ಕಳಿಸಿ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ 'ಆ್ಯಟ್' ಚಿಹ್ನೆ ಇಟ್ಟಿದ್ದ.

ಯಂತ್ರ ಬಂದರೂ ಬುದ್ಧಿ ಮಾತ್ರ ಕಪಾಟಿನ ಕಾಲದ್ದೇ ಉಳಿಯಿತು. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ, ತಮಗೆ ಇಷ್ಟವಾದ ವೆಬ್ ತಾಣಗಳ ಪಟ್ಟಿ ಮಾಡತೊಡಗಿದರು. ಪಟ್ಟಿ ಬೆಳೆದು ಯಾಹೂ ಆಯಿತು. ಅವರು ಮೊದಮೊದಲು ನೇಮಿಸಿಕೊಂಡವರಲ್ಲಿ ಶ್ರೀನಿಜಾ ಶ್ರೀನಿವಾಸನ್ ಒಬ್ಬರು. ಇಡೀ ವೆಬ್ಬನ್ನು ವರ್ಗ, ಒಳವರ್ಗ, ಒಳಗಿನ ಒಳವರ್ಗ ಎಂದು ಜೋಡಿಸುವ ಹೊಣೆ ಅವರದು. ಯಾಹೂ ಡೈರೆಕ್ಟರಿಯಲ್ಲಿ ಒಂದು ತಮಾಷೆ ಇತ್ತು. ಮನರಂಜನೆ ವಿಭಾಗಕ್ಕೆ ಹೋದರೆ 'ಪುಸ್ತಕ ಮತ್ತು ಸಾಹಿತ್ಯ' ಎಂಬ ಹೆಸರು ಕಾಣುತ್ತದೆ, ಅದರ ಬಾಲಕ್ಕೊಂದು ಆ್ಯಟ್ ಚಿಹ್ನೆ. ಅರ್ಥ ಇಷ್ಟೇ: ಇದರ ನಿಜವಾದ ಮನೆ ಇಲ್ಲಿಲ್ಲ, ಕಲಾ ವಿಭಾಗದಲ್ಲಿದೆ, ನೆಂಟರಾಗಿ ಇಲ್ಲಿಗೂ ಬಂದಿದೆ. ವೆಬ್ಬಿನಲ್ಲಿ ಯಾವುದಕ್ಕೂ ನಿಜವಾದ ಮನೆ ಅಂತ ಇಲ್ಲ. ಇಲ್ಲದ ಕಪಾಟಿನಲ್ಲಿ ಜಾಗ ಸಾಲದು ಎಂದು ಚಡಪಡಿಸಿದ ಆ ಡೈರೆಕ್ಟರಿಯನ್ನು 2014ರ ಕೊನೆಗೆ ಮುಚ್ಚಿದರು. ಅಷ್ಟರಲ್ಲಿ ಅದನ್ನು ನೆನೆಯುವವರೂ ಕಡಿಮೆಯಾಗಿದ್ದರು.

ಇಮೇಲ್‌ನಲ್ಲಿ ಕಪಾಟು ಒಡೆದದ್ದು 2004ರ ಏಪ್ರಿಲ್ 1ರಂದು. ಆವರೆಗೆ ವೆಬ್ ಮೇಲ್ ಎಂದರೆ ಹಾಟ್‌ಮೇಲ್, ಯಾಹೂ. ಬ್ರೌಸರ್ ಇದ್ದಲ್ಲೆಲ್ಲ ಅಂಚೆಪೆಟ್ಟಿಗೆ ತೆರೆಯುವ ಸುಖವನ್ನು ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲೇ ಹಾಟ್‌ಮೇಲ್ ಮೂಲಕ ಕೊಟ್ಟಿದ್ದರು. ಆದರೆ ಪೆಟ್ಟಿಗೆ ಬೆಂಕಿಪೊಟ್ಟಣದಷ್ಟು. 2004ರಲ್ಲಿ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದದ್ದು 2 ಎಂಬಿ, ಯಾಹೂ 4 ಎಂಬಿ. ಎರಡು ಫೋಟೊ ಬಂದರೆ ಹಳೆಯ ಪತ್ರಗಳನ್ನು ಅಳಿಸಬೇಕು. ಅಂದು ಗೂಗಲ್ ಜಿಮೇಲ್ ತಂದು 1 ಜಿಬಿ ಕೊಡುತ್ತೇವೆ ಎಂದಾಗ ಏಪ್ರಿಲ್ ಫೂಲ್ ಜೋಕ್ ಎಂದೇ ಹಲವರು ನಕ್ಕರು.

ಜಾಗಕ್ಕಿಂತ ದೊಡ್ಡ ಬದಲಾವಣೆ ಒಳಗಿತ್ತು. ಜಿಮೇಲ್ ಬರೆದ ಪಾಲ್ ಬುಕೈಟ್ 2001ರಲ್ಲಿ ಒಂದೇ ದಿನದಲ್ಲಿ ಮೊದಲ ಆವೃತ್ತಿ ಹೊಲಿದಿದ್ದರು. ಅದು ಮಾಡುತ್ತಿದ್ದದ್ದು ಒಂದೇ ಕೆಲಸ, ಅವರ ಸ್ವಂತ ಮೇಲ್‌ಗಳಲ್ಲಿ ಹುಡುಕುವುದು. ಸಹೋದ್ಯೋಗಿಗಳು ನೋಡಿ, ಚೆನ್ನಾಗಿದೆ, ನಮ್ಮ ಮೇಲ್‌ನಲ್ಲೂ ಹುಡುಕುವಂತೆ ಮಾಡಿ ಎಂದರು. ಹೀಗೆ ಹುಡುಕಾಟದಿಂದ ಹುಟ್ಟಿದ ಅಂಚೆಪೆಟ್ಟಿಗೆಯಲ್ಲಿ ಫೋಲ್ಡರ್‌ಗೆ ಜಾಗವಿರಲಿಲ್ಲ. ಲೇಬಲ್ ಇತ್ತು. ಫೋಲ್ಡರ್ ಎಂದರೆ ಡಬ್ಬಿ. ಪತ್ರ ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇರಲಾರದು. ಲೇಬಲ್ ಎಂದರೆ ಹಣೆಗೆ ಇಟ್ಟ ಬೊಟ್ಟು. ಒಂದೇ ಪತ್ರಕ್ಕೆ 'ತೆರಿಗೆ', 'ಮನೆ', 'ಅಮ್ಮ' ಮೂರನ್ನೂ ಅಂಟಿಸಬಹುದು, ಮೂರು ಕಡೆಯಿಂದಲೂ ಅದೇ ಪತ್ರ ಸಿಗುತ್ತದೆ. ಆರ್ಕೈವ್ ಎಂಬ ಗುಂಡಿಯ ಅರ್ಥ ತಿಳಿಯದೆ ಇಪ್ಪತ್ತು ವರ್ಷದಿಂದ ಮುಟ್ಟದವರಿದ್ದಾರೆ. ಅದಕ್ಕೆ ಕನ್ನಡದಲ್ಲಿ ಸೊಗಸಾದ ಮಾತಿದೆ, ಅಟ್ಟಕ್ಕೆ ಹಾಕುವುದು. ಕಣ್ಣೆದುರಿನಿಂದ ಹೋಯಿತು, ಮನೆಯಿಂದ ಹೋಗಲಿಲ್ಲ.

ಇನ್ನು ಆ ಎರಡು ಚುಕ್ಕೆಗೆ ಬರೋಣ. ಜಿಮೇಲ್‌ನ ಸರ್ಚ್ ಪಟ್ಟಿಯಲ್ಲಿ 'ಫ್ರಮ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಕಳಿಸಿದವರ ಹೆಸರು ಬರೆದರೆ ಅವರ ಪತ್ರಗಳು ಮಾತ್ರ ಬರುತ್ತವೆ. 'ಹ್ಯಾಸ್' ಬರೆದು ಕೋಲನ್, ಆಮೇಲೆ 'ಅಟ್ಯಾಚ್‌ಮೆಂಟ್' ಎಂದರೆ ಕಡತ ಲಗತ್ತಿಸಿದ ಪತ್ರಗಳು. 'ಬಿಫೋರ್', 'ಆಫ್ಟರ್' ಬರೆದು ಕೋಲನ್ ಮತ್ತು ತಾರೀಖು ಕೊಟ್ಟರೆ ಕಾಲದ ಗಡಿ. 'ಲಾರ್ಜರ್', ಕೋಲನ್, '10ಎಂ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ 10 ಎಂಬಿಗಿಂತ ದಪ್ಪನೆಯ ಪತ್ರಗಳು. 15 ಜಿಬಿ ತುಂಬಿತು ಎಂದು ಗೂಗಲ್ ಹೆದರಿಸಿದಾಗ ಮೊದಲು ಒತ್ತಬೇಕಾದ್ದು ಇದನ್ನೇ. ಇವುಗಳನ್ನು ಒಂದರ ಪಕ್ಕ ಒಂದು ಬರೆಯಬಹುದು. ಯಾರು, ಏನು, ಯಾವಾಗ ಎಂಬ ಮುಖಗಳನ್ನು ಕೋಲನ್ನಿನಿಂದ ಬೆಸೆದ ಆ ಸಾಲನ್ನು ರಂಗನಾಥನ್ ನೋಡಿದ್ದರೆ ಪರಿಚಿತರನ್ನು ಕಂಡಂತೆ ನಗುತ್ತಿದ್ದರು. ಕಂಪ್ಯೂಟರ್‌ನ ಕೋಲನ್ ಅವರ ಪುಸ್ತಕದಿಂದ ಬಂದದ್ದು ಎಂದು ಹೇಳುವಂತಿಲ್ಲ. ಆದರೆ 'ಮುಖ' ಎಂಬ ಪರಿಕಲ್ಪನೆ ಅವರಿಂದಲೇ ಬಂತು. 1950ರ ದಶಕದಲ್ಲಿ ಲಂಡನ್ನಿನ ವರ್ಗೀಕರಣ ತಜ್ಞರ ಗುಂಪು ಅದನ್ನು ಎತ್ತಿಕೊಂಡು ಬೆಳೆಸಿತು.

ಅದರ ಫಲವನ್ನು ದಿನವೂ ಉಣ್ಣುತ್ತಿರುವವರು ಆನ್‌ಲೈನ್‌ನಲ್ಲಿ ಸೀರೆ ಕೊಳ್ಳುವವರು. ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆಗಳು ಒಂದೇ ಕ್ರಮದಲ್ಲಿ ಜೋಡಿಸಿರುತ್ತವೆ, ರೇಷ್ಮೆ ಒಂದು ಕಡೆ, ಹತ್ತಿ ಒಂದು ಕಡೆ. 'ಹಸಿರು ಬೇಕು, ಐದು ಸಾವಿರದ ಒಳಗೆ' ಎಂದರೆ ಅಂಗಡಿಯ ಹುಡುಗ ನಾಲ್ಕು ಕಪಾಟು ಹತ್ತಿ ಇಳಿಯಬೇಕು. ವೆಬ್‌ನ ಎಡಪಕ್ಕದ ಪಟ್ಟಿಯಲ್ಲಿ ಇಳಕಲ್, ಹಸಿರು, ಬೆಲೆ ಮೂರಕ್ಕೂ ಗುರುತು ಹಾಕಿದರೆ ಕಪಾಟು ತನ್ನಷ್ಟಕ್ಕೇ ಮರುಜೋಡಣೆಯಾಗುತ್ತದೆ. ಕ್ರೇನ್ ಬಿಚ್ಚಿ ಸೇತುವೆ ಕಟ್ಟಿದ ಹಾಗೆ.

ತಜ್ಞರಿಗೆ ಬಿಡದೆ ಓದುಗರೇ ಲೇಬಲ್ ಅಂಟಿಸಿದರೆ ಹೇಗೆ ಎಂಬ ಪ್ರಯೋಗವೂ ನಡೆಯಿತು. 2003ರಲ್ಲಿ ಜೋಶುವಾ ಶಾಕ್ಟರ್ ಶುರುಮಾಡಿದ ಡೆಲಿಶಿಯಸ್ ಎಂಬ ತಾಣದಲ್ಲಿ ಜನ ತಾವು ಮೆಚ್ಚಿದ ಪುಟಗಳನ್ನು ಉಳಿಸಿ, ತಮಗೆ ತೋಚಿದ ಟ್ಯಾಗ್ ಹಾಕುತ್ತಿದ್ದರು. ಸಾವಿರ ಜನ ಬೇರೆಬೇರೆಯಾಗಿ ಹಾಕಿದ ಟ್ಯಾಗ್‌ಗಳಲ್ಲೇ ಒಂದು ಒಪ್ಪಂದ ಮೂಡುವುದು ಸೋಜಿಗದ ಸಂಗತಿ. 2005ರಲ್ಲಿ ಅದನ್ನು ಕೊಂಡದ್ದು ಅದೇ ಯಾಹೂ. ಕೈಯಿಂದ ಕೈಗೆ ದಾಟಿ 2017ರ ಹೊತ್ತಿಗೆ ಡೆಲಿಶಿಯಸ್ ಬರೀ ನೆನಪಾಯಿತು. ಕನ್ನಡ ವಿಕಿಪೀಡಿಯದಲ್ಲಿ ಆ ಗುಣ ಇನ್ನೂ ಬದುಕಿದೆ. ಪುಟದ ಕೊನೆಗೆ 'ವರ್ಗ' ಎಂದು ಬರೆದು ಕೋಲನ್ ಹಾಕಿ ಹೆಸರು ಕೊಟ್ಟರಾಯಿತು, ಯಾರು ಬೇಕಾದರೂ ಸೇರಿಸಬಹುದು. ಕುವೆಂಪು ಕವಿಗಳ ಸಾಲಿನಲ್ಲೂ ಕೂರಬಹುದು, ಜ್ಞಾನಪೀಠ ಪುರಸ್ಕೃತರ ಸಾಲಿನಲ್ಲೂ.

ಹಾಗಾದರೆ ಲೇಬಲ್ಲೂ ಬೇಡ, ಎಲ್ಲವನ್ನೂ ಸರ್ಚ್‌ಗೆ ಬಿಟ್ಟುಬಿಡೋಣವೇ? ಇಂಗ್ಲಿಷಿನಲ್ಲಿ ವ್ಯವಹರಿಸುವವರಿಗೆ ಆ ಧೈರ್ಯ ಇರಬಹುದು. ಕನ್ನಡದವರು ಸ್ವಲ್ಪ ತಡೆದು ಯೋಚಿಸಬೇಕು.

ಕನ್ನಡದ ಪದ ಬಾಲ ಬೆಳೆಸುವ ಪದ. ತೆರಿಗೆ, ತೆರಿಗೆಯ, ತೆರಿಗೆಯನ್ನು, ತೆರಿಗೆಗೆ ಎಲ್ಲವೂ ಮನುಷ್ಯರಿಗೆ ಒಂದೇ; ಇಡೀ ಪದವನ್ನು ಹೋಲಿಸಿ ನೋಡುವ ಸರ್ಚ್‌ಗೆ ಬೇರೆಬೇರೆ. ಪತ್ರದಲ್ಲಿ 'ಬೆಂಗಳೂರಿನಲ್ಲಿ' ಎಂದಿದ್ದು, ಹುಡುಕುವವರು 'ಬೆಂಗಳೂರು' ಎಂದು ಬರೆದರೆ ಕೈಗೆ ಸಿಗದೆ ಹೋಗಬಹುದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರ ಫಜೀತಿ ಇನ್ನೂ ದೊಡ್ಡದು. 'ಮದುವೆ'ಯನ್ನು ಒಬ್ಬರು ಎಚ್ ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಟ್ಟು ಬರೆಯುತ್ತಾರೆ. ಆದ್ದರಿಂದ ವಿಷಯದ ಸಾಲಿನಲ್ಲಿ ಪ್ರತ್ಯಯ ಹತ್ತದ ಪದ ಇರುವುದು ಒಳ್ಳೆಯದು: 'ಮನೆ ತೆರಿಗೆ ರಸೀದಿ 2025'. 'ನೀವು ಕೇಳಿದ್ದು' ಎಂಬ ವಿಷಯದ ಸಾಲು ಬರೆಯುವವರ ಮೇಲೆ ದಂಡ ಹಾಕುವ ಕಾನೂನು ಬಂದರೆ ತಪ್ಪಿಲ್ಲ.

ಐದಾರು ಲೇಬಲ್ ಸಾಕು, ಅದೂ ಕೈಯಿಂದ ಅಂಟಿಸುವ ಗೋಜಿಲ್ಲದೆ. ಫಿಲ್ಟರ್ ಎಂಬುದು ಮನೆ ಬಾಗಿಲಲ್ಲಿ ನಿಲ್ಲಿಸಿದ ಆಳಿನಂತೆ. ವಿದ್ಯುತ್ ಬಿಲ್ ಬಂದರೆ 'ಬಿಲ್' ಎಂದು ಬೊಟ್ಟಿಡು, ಜಾಹೀರಾತು ಬಂದರೆ ಅಟ್ಟಕ್ಕೆ ಹಾಕು ಎಂದು ಒಮ್ಮೆ ಹೇಳಿದರೆ ಸಾಕು. ಜಿಮೇಲ್ ವಿಳಾಸದಲ್ಲಿ ಆ್ಯಟ್ ಚಿಹ್ನೆಯ ಮೊದಲು ಪ್ಲಸ್ ಹಾಕಿ ಬೇಕಾದ ಪದ ಸೇರಿಸಿದರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ. ಅಂಗಡಿಯೊಂದಕ್ಕೆ 'ಪ್ಲಸ್ ಅಂಗಡಿ' ಎಂಬ ವಿಳಾಸ ಕೊಟ್ಟು, ನಾಳೆ ಯಾರೋ ಸಾಲದ ಏಜೆಂಟರಿಂದ ಅದೇ ವಿಳಾಸಕ್ಕೆ ಪತ್ರ ಬಂದರೆ ವಿಳಾಸ ಸೋರಿದ್ದು ಎಲ್ಲಿಂದ ಎಂದು ಗೊತ್ತಾಗುತ್ತದೆ.

ಕಡತದ ಹೆಸರಿನಲ್ಲಿ ತಾರೀಖು ಬರೆಯುವ ಕ್ರಮವೂ ಚಿಕ್ಕ ವಿಷಯವಲ್ಲ. ನಮ್ಮ ರೂಢಿಯಂತೆ ದಿನ ಮೊದಲು ಬರೆದರೆ 01-02-2024ರ ಪಕ್ಕದಲ್ಲೇ 01-03-2019 ಬಂದು ಕೂರುತ್ತದೆ, ಕಂಪ್ಯೂಟರ್‌ಗೆ ಎಡದಿಂದ ಓದುವುದು ಮಾತ್ರ ಗೊತ್ತು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಕಡತಗಳು ಕಾಲಾನುಕ್ರಮದಲ್ಲೇ ನಿಲ್ಲುತ್ತವೆ. ಇದೇ ಅಂತರರಾಷ್ಟ್ರೀಯ ಮಾನಕ. ವಾಟ್ಸ್‌ಆ್ಯಪ್‌ನಿಂದ ಇಳಿದ ಫೋಟೊಗಳ ಹೆಸರಿನಲ್ಲಿ ಇದೇ ಕ್ರಮ ಇರುವುದನ್ನು ಕಾಣಬಹುದು.

'ಕಡತ' ಎಂಬ ಪದಕ್ಕೂ ಒಂದು ಚರಿತ್ರೆ ಇದೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ವಸ್ತುವೇ ಕಡತ. ಅಂಥ ಹಳೆಯ ಕಡತಗಳನ್ನು ಇವತ್ತಿಗೂ ಓದಬಹುದು. 1990ರ ದಶಕದಲ್ಲಿ ಕಂಪ್ಯೂಟರ್‌ನಲ್ಲಿ ಬರೆದ ಕನ್ನಡದ ಎಷ್ಟೋ ಕಡತಗಳ ಗತಿ ಹಾಗಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ ಫಾಂಟ್ ಇಲ್ಲದ ಯಂತ್ರದಲ್ಲಿ 'ನುಡಿ' ತಂತ್ರಾಂಶದ ಹಳೆಯ ಕಡತ ತೆರೆದರೆ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಹಣದ ಚಿಹ್ನೆ ಎಂದು ಶುರುವಾಗುತ್ತದೆ. ಫಾಂಟ್ ಇದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಸರ್ಚ್‌ಗೆ ಅದು ಕನ್ನಡವೇ ಅಲ್ಲ; 'ಕನ್ನಡ' ಎಂದು ಹುಡುಕಿದರೆ ಎಂದಿಗೂ ಸಿಗದು. ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ಊರಿನ ಚರಿತ್ರೆ, ಅಜ್ಜಿ ಹೇಳಿ ಬರೆಸಿದ ಹಾಡು ಹೀಗೆ ಸಿಡಿಗಳಲ್ಲಿ, ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಮಲಗಿವೆ.

ಮನೆಯಲ್ಲಿ ಅಂಥದೊಂದು ಡಿಸ್ಕು ಇದ್ದರೆ ಈ ಭಾನುವಾರ ತೆರೆದು ನೋಡಿ. ಪೌಂಡ್ ಚಿಹ್ನೆ ಕಂಡರೆ ಗಾಬರಿ ಬೇಡ, ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಿ. ಹಳೆಯ ಪ್ರತಿಯನ್ನೂ ಇಟ್ಟುಕೊಳ್ಳಿ, ಹೆಸರಿನಲ್ಲಿ ವರ್ಷ ಮೊದಲು ಬರೆಯಿರಿ, ಒಂದು ಪ್ರತಿಯನ್ನು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ.